ಫೀಸು ಕಟ್ಟಿದ್ದಾಯ್ತು, ಲೆಕ್ಕ ಯಾರ ಹತ್ರ?

ಆಷಾಢ ಬಂತೆಂದರೆ ನಮ್ಮಂಥ ಮನೆಗಳಲ್ಲಿ ಎರಡೇ ವಿಷಯದ ಮಾತು. ಒಂದು ಮಳೆ, ಇನ್ನೊಂದು ಕಾಲೇಜು ಫೀಸು. ಮಳೆ ಎಷ್ಟು ಬಂತೆಂದು ಪೇಪರಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಹಾಕುತ್ತಾರೆ. ಫೀಸು ಎಲ್ಲಿಗೆ ಹೋಯಿತೆಂದು ಮಾತ್ರ ಯಾರೂ ಹಾಕುವುದಿಲ್ಲ.

ನಾನು ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂರನೇ ವರ್ಷದ ವಿದ್ಯಾರ್ಥಿನಿ. ಸಿಇಟಿ ಸೀಟು. ನಮ್ಮ ರಾಜ್ಯದ ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರರಲ್ಲಿ 45 ಸೀಟು ಸರ್ಕಾರಿ ಕೋಟಾ, 30 ಕಾಮೆಡ್‌ಕೆ, ಉಳಿದ 25 ಮ್ಯಾನೇಜ್‌ಮೆಂಟ್‌ಗೆ. ಹಾಗಾಗಿ ಒಂದೇ ಬೆಂಚಿನಲ್ಲಿ ಕೂತ ಮೂವರು ಒಂದೇ ಪಾಠಕ್ಕೆ ಮೂರು ರೇಟು ಕೊಟ್ಟಿರುತ್ತಾರೆ. ಸಿನಿಮಾ ಥಿಯೇಟರಿನಲ್ಲಿ ಬಾಲ್ಕನಿಗೆ ಹೆಚ್ಚು ಕೊಟ್ಟರೆ ಸೀಟಾದರೂ ಮೆತ್ತಗಿರುತ್ತದೆ!

ಈ ಮೂರು ರೇಟಿನ ಕಥೆಗೆ ನಮ್ಮ ನೆಲದ ನಂಟಿದೆ. 1953ರಲ್ಲೇ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಶುರುವಾಗಿತ್ತು. ಆಮೇಲೆ ಊರೂರಿಗೆ ಕಾಲೇಜು ಬಂದವು, ಜೊತೆಗೆ ಡೊನೇಷನ್ನೂ ಬಂತು. ಡೊನೇಷನ್ ತಡೆಯಲು ರಾಜ್ಯ ಸರ್ಕಾರ 1984ರಲ್ಲಿ ಕಾನೂನನ್ನೇ ಮಾಡಿತು. ಐದು ವರ್ಷದ ನಂತರ ಅದೇ ಕಾನೂನಿನಡಿ ಹೊರಡಿಸಿದ ಅಧಿಸೂಚನೆಯಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಎಂದು ನಿಗದಿಯಾಯಿತು. ಮೀರತ್‌ನಿಂದ ತುಮಕೂರಿಗೆ ಡಾಕ್ಟರಾಗಲು ಬಂದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಗೆದ್ದರು.

ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂದಿತು. ಕೇಳಲು ಚೆನ್ನಾಗಿತ್ತು. ಆದರೆ ಪಟ್ಟಣದ ಒಳ್ಳೆಯ ಶಾಲೆಯಲ್ಲಿ ಓದಿ, ಟ್ಯೂಷನ್‌ಗೂ ಹೋಗಿ ಹೆಚ್ಚು ಅಂಕ ತೆಗೆದವರಿಗೆ ಫ್ರೀ ಸೀಟು ಸಿಕ್ಕಿತು. ಹಳ್ಳಿಯಿಂದ ಬಂದವರು ಪೇಮೆಂಟ್ ಸೀಟಿನಲ್ಲಿ ಕೂತು ಅವರ ಫೀಸನ್ನೂ ಕಟ್ಟಿದರು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಪದ್ಧತಿಯನ್ನು ಕೈಬಿಟ್ಟಿತು. ಕಾಲೇಜುಗಳು ಅಭಿವೃದ್ಧಿಗೆಂದು ಒಂದಿಷ್ಟು ಮಿಗಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು, ಡೊನೇಷನ್ ಕೂಡದು ಎಂದಿತು. ಮಿಗಿಸುವುದು ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ? ಇಪ್ಪತ್ತು ವರ್ಷದ ಮೇಲಾದರೂ ಆ ಗೆರೆ ನಮ್ಮ ಕಣ್ಣಿಗೆ ಕಾಣುವ ಜಾಗದಲ್ಲಿಲ್ಲ.

ನನ್ನ ಈ ವರ್ಷದ ರಶೀದಿಯನ್ನೇ ನೋಡಿ. ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ಇವೆರಡು ಸರಿ. ಕೆಳಗೆ ಸ್ಕಿಲ್ ಡೆವಲಪ್‌ಮೆಂಟ್, ಪ್ಲೇಸ್‌ಮೆಂಟ್ ಟ್ರೇನಿಂಗ್, ಅಲುಮ್ನಿ ಫೀ, ಕೊನೆಯಲ್ಲಿ ‘ಇತರೆ’. ಡಿಗ್ರಿಯೇ ಮುಗಿದಿಲ್ಲ, ಆಗಲೇ ನಾನು ಹಳೆಯ ವಿದ್ಯಾರ್ಥಿನಿ! ಟ್ರೇನಿಂಗ್ ಎಂದರೆ ಎರಡು ದಿನ ಆಡಿಟೋರಿಯಂನಲ್ಲಿ ಕೂರಿಸಿ ಕೈಕುಲುಕುವುದು ಹೇಗೆಂದು ಹೇಳಿಕೊಟ್ಟಿದ್ದು. ಸರ್ಕಾರ ಮತ್ತು ಕಾಲೇಜುಗಳ ಸಂಘ ಕೂತು ಒಪ್ಪಂದ ಮಾಡಿಕೊಳ್ಳುವ ಫೀಸು ಪೇಪರಿನಲ್ಲಿ ಬರುತ್ತದೆ, ಟಿವಿಯಲ್ಲಿ ಚರ್ಚೆಯೂ ಆಗುತ್ತದೆ. ರಶೀದಿಯ ಕೆಳಗಿನ ಈ ಸಾಲುಗಳ ಬಗ್ಗೆ ಚರ್ಚೆ ನಡೆಯುವುದು ನಮ್ಮ ಅಡುಗೆಮನೆಯಲ್ಲಿ ಮಾತ್ರ.

ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ? ಮೇಷ್ಟ್ರ ಸಂಬಳಕ್ಕೆ ಎಂದೇ ಎಲ್ಲರ ನಂಬಿಕೆ. ಒಂದು ಸಣ್ಣ ಲೆಕ್ಕ ಹಾಕೋಣ. ಅರವತ್ತು ಜನರ ಕ್ಲಾಸು, ತಲೆಗೆ ಸರಾಸರಿ ಒಂದು ಲಕ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ 60 ಲಕ್ಷ. ಎಐಸಿಟಿಇ ಮೊದಲು 15 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಬೇಕೆನ್ನುತ್ತಿತ್ತು, 2018ರಲ್ಲಿ ಅದನ್ನು 20ಕ್ಕೆ ಒಬ್ಬ ಎಂದು ಸಡಿಲಿಸಿತು. ಅಂದರೆ ನಮ್ಮ ಕ್ಲಾಸಿನ ಪಾಲಿಗೆ ನಾಲ್ವರಿದ್ದದ್ದು ಮೂವರಾದರು. ಫೀಸೇನೂ ಇಳಿಯಲಿಲ್ಲ ಬಿಡಿ. ಸಹಾಯಕ ಪ್ರಾಧ್ಯಾಪಕರಿಗೆ ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ ತಿಂಗಳಿಗೆ 57,700 ರೂಪಾಯಿ. ಭತ್ಯೆ ಬಿಟ್ಟು ಅಷ್ಟನ್ನೇ ಕೊಟ್ಟರೂ ಮೂವರಿಗೆ ವರ್ಷಕ್ಕೆ ಸುಮಾರು 21 ಲಕ್ಷ. ನಮಗೆ ಗಣಿತ ಹೇಳುತ್ತಿದ್ದ ಸರ್ ಕೈಗೆ ಬರುತ್ತಿದ್ದದ್ದು 32 ಸಾವಿರ. ಆ ಲೆಕ್ಕದಲ್ಲಿ ಮೂವರಿಗೆ ಹನ್ನೊಂದೂವರೆ ಲಕ್ಷ. ಅವರು ಕಳೆದ ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟು ಆನ್‌ಲೈನ್ ಕೋಚಿಂಗ್ ಕಂಪನಿ ಸೇರಿದರು. ಉಳಿದ ಎರಡು ಮಾಡ್ಯೂಲ್‌ಗಳನ್ನು ನಾವು ಯೂಟ್ಯೂಬ್ ನೋಡಿಕೊಂಡು ಮುಗಿಸಿದೆವು.

ಕಾಲೇಜು ನಡೆಸಲು ಸಂಬಳವೊಂದೇ ಖರ್ಚಲ್ಲ, ಒಪ್ಪುತ್ತೇನೆ. ಲ್ಯಾಬು, ಕರೆಂಟು, ಸಾಫ್ಟ್‌ವೇರ್, ಲೈಬ್ರರಿ, ಎಲ್ಲಕ್ಕೂ ದುಡ್ಡು ಬೇಕು. ತೆರಿಗೆಯ ಕಾಟವೂ ಇದೆ. ನಾವು ಕಟ್ಟುವ ಫೀಸಿಗೆ ಜಿಎಸ್‌ಟಿ ಇಲ್ಲ ನಿಜ, ಆದರೆ ಕಾಲೇಜು ಏಜೆನ್ಸಿಯಿಂದ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಜನರನ್ನು ಪಡೆದರೆ ಶೇ 18 ತೆತ್ತಬೇಕು. ವಿಶ್ವವಿದ್ಯಾಲಯಕ್ಕೆ ಕಟ್ಟುವ ಸಂಯೋಜನಾ ಶುಲ್ಕಕ್ಕೂ ಶೇ 18 ಅನ್ವಯ ಎಂದು 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹೇಳಿತು. ಕೊನೆಗೆ ಅದೂ ಬರುವುದು ನಮ್ಮ ರಶೀದಿಗೇ.

ಇಷ್ಟಾದರೂ ಒಂದು ವಿಷಯ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಮೇಷ್ಟ್ರಿಗೆ ಕೊಡಲು ದುಡ್ಡಿಲ್ಲ ಎನ್ನುವ ಕಾಲೇಜಿನಲ್ಲಿ ಪ್ರತಿವರ್ಷ ಹೊಸ ಬ್ಲಾಕು ಏಳುವುದು ಹೇಗೆ? ಉತ್ತರ ಸಿಕ್ಕಿದ್ದು ಲೆಕ್ಕಪರಿಶೋಧಕರ ಬಳಿ ಕೆಲಸ ಮಾಡುವ ನಮ್ಮ ಚಿಕ್ಕಪ್ಪನಿಂದ. ಕಾಲೇಜುಗಳನ್ನು ಹೆಚ್ಚಾಗಿ ನಡೆಸುವುದು ಟ್ರಸ್ಟು ಅಥವಾ ಸೊಸೈಟಿ. ಲಾಭ ಹಂಚಿಕೊಳ್ಳುವಂತಿಲ್ಲ. ಆದಾಯ ತೆರಿಗೆ ವಿನಾಯಿತಿ ಪೂರ್ತಿ ಬೇಕಾದರೆ ಬಂದ ಆದಾಯದಲ್ಲಿ ಶೇ 85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕು. ‘ಕಟ್ಟಡ ಕಟ್ಟಿದ್ರೂ ಅದು ಬಳಸಿದ ಹಾಗೇ ಲೆಕ್ಕ ಕಣಮ್ಮಾ’ ಎಂದರು ಚಿಕ್ಕಪ್ಪ. ಸಂಬಳ ಕೊಟ್ಟರೂ ಲೆಕ್ಕಕ್ಕೆ ಸರಿ, ಕಟ್ಟಡ ಕಟ್ಟಿದರೂ ಸರಿ. ವ್ಯತ್ಯಾಸವೆಂದರೆ ಸಂಬಳ ಮೇಷ್ಟ್ರ ಮನೆಗೆ ಹೋಗುತ್ತದೆ, ಕಟ್ಟಡ ಟ್ರಸ್ಟಿನ ಹೆಸರಿನಲ್ಲೇ ಉಳಿಯುತ್ತದೆ. ಅಂದಿನಿಂದ ನಮ್ಮ ಕ್ಯಾಂಪಸ್ಸಿನ ಗ್ರಾನೈಟ್ ಮೆಟ್ಟಿಲು ಹತ್ತುವಾಗಲೆಲ್ಲ ಗಣಿತದ ಸರ್ ನೆನಪಾಗುತ್ತಾರೆ.

ಫೀಸಿನ ಲೆಕ್ಕ ಗೊತ್ತಿಲ್ಲದಿರುವುದಕ್ಕೆ ಬೆಲೆ ತೆತ್ತವರು ನಮ್ಮ ನಡುವೆಯೇ ಇದ್ದಾರೆ. ನನ್ನ ಗೆಳತಿಯೊಬ್ಬಳ ಮನೆಯವರು ಪಿಯುಸಿ ಮುಗಿದ ಕೂಡಲೇ ಸೀಟು ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಹಿಡಿದರು. ಒರಿಜಿನಲ್ ಅಂಕಪಟ್ಟಿಗಳನ್ನೂ ಕೊಟ್ಟರು. ಆಮೇಲೆ ಅವಳಿಗೆ ಸಿಇಟಿಯಲ್ಲಿ ಸರ್ಕಾರಿ ಕಾಲೇಜೇ ಸಿಕ್ಕಿತು. ಅಂಕಪಟ್ಟಿ ಕೇಳಲು ಹೋದರೆ, ‘ನಾಲ್ಕೂ ವರ್ಷದ ಫೀಸು ಕಟ್ಟಿ ತಗೊಂಡು ಹೋಗಿ’ ಎಂದರಂತೆ. ಒಂದು ಸಲಕ್ಕೆ ಒಂದು ವರ್ಷದ ಫೀಸಷ್ಟೇ ಕೇಳಬಹುದೆಂದು 2003ರಲ್ಲೇ ಸುಪ್ರೀಂ ಕೋರ್ಟ್ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ ಹೇಳಿದೆ. ಒರಿಜಿನಲ್ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ, ಎಐಸಿಟಿಇ ಎರಡೂ ಹೇಳಿವೆ. ಅವಳ ಅಪ್ಪನಿಗೆ ಇದನ್ನು ಆಗ ಹೇಳುವವರಿರಲಿಲ್ಲ. ಪ್ರವೇಶದ ದಿನಾಂಕ ಮುಗಿಯಿತು. ಅವಳೀಗ ಅದೇ ಮ್ಯಾನೇಜ್‌ಮೆಂಟ್ ಸೀಟಿನಲ್ಲಿದ್ದಾಳೆ, ಅವಳ ಅಮ್ಮನ ಸರ ಸೊಸೈಟಿಯಲ್ಲಿದೆ. ಅಡಮಾನವಿಲ್ಲದೆ ಬ್ಯಾಂಕಿನಲ್ಲಿ ನಾಲ್ಕು ಲಕ್ಷದವರೆಗೆ ಶಿಕ್ಷಣ ಸಾಲ ಸಿಗುತ್ತದೆ ಎಂಬುದು ಗೊತ್ತಾಗುವಷ್ಟರಲ್ಲಿ ಎರಡು ಸೆಮಿಸ್ಟರ್ ಕಳೆದಿತ್ತು.

ಎಐಸಿಟಿಇ ನಿಯಮದಂತೆ ಕಾಲೇಜುಗಳು ತಮ್ಮ ವಿವರಗಳನ್ನು ವೆಬ್‌ಸೈಟಿನಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕು. ಆ ಪಟ್ಟಿಯಲ್ಲಿ ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರವೂ ಇದೆ. ನಿಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ಕೆಳಗೆಲ್ಲೋ ಚಿಕ್ಕ ಅಕ್ಷರದಲ್ಲಿ ‘ಮ್ಯಾಂಡೇಟರಿ ಡಿಸ್‌ಕ್ಲೋಷರ್’ ಎಂದಿರುತ್ತದೆ, ಒಮ್ಮೆ ಒತ್ತಿ ನೋಡಿ. ಪ್ರಿನ್ಸಿಪಾಲರ ಫೋಟೊ, ಲ್ಯಾಬುಗಳ ಪಟ್ಟಿ, ಬಸ್ ರೂಟು ಎಲ್ಲ ದಾಟಿ ಕೆಳಗಿಳಿಯಬೇಕು. ನಮ್ಮ ಕಾಲೇಜಿನದ್ದರಲ್ಲಿ ಆ ಜಾಗಕ್ಕೆ ಹೋದರೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿದ ಒಂದು ಹಾಳೆ ತೆರೆದುಕೊಂಡಿತು. ಮೊಬೈಲ್ ತಿರುಗಿಸಿ ಹಿಡಿದೆವು, ಹಾಳೆಯೂ ತಿರುಗಿತು! ಕೊನೆಗೆ ಲ್ಯಾಪ್‌ಟಾಪಿನಲ್ಲಿ ನೇರ ಮಾಡಿಕೊಂಡು ಓದಿದರೆ ಅದರಲ್ಲಿದ್ದದ್ದು ನಾಲ್ಕು ವರ್ಷದ ಹಿಂದಿನ ಒಟ್ಟು ಮೊತ್ತ ಮಾತ್ರ. ಸಂಬಳಕ್ಕೆಷ್ಟು, ಕಟ್ಟಡಕ್ಕೆಷ್ಟು, ‘ಇತರೆ’ ಎಂದರೆ ಏನು, ಯಾವುದೂ ಇಲ್ಲ.

ನಾವು ಆರು ಜನ ಸೇರಿ ಒಂದು ಅರ್ಜಿ ಬರೆದೆವು. ಮೂರು ವರ್ಷದ ಲೆಕ್ಕಪತ್ರ ಹಾಕಿ, ‘ಇತರೆ’ಯನ್ನು ಬಿಡಿಸಿ ಹೇಳಿ ಎಂದಷ್ಟೇ. ಆಫೀಸಿನಲ್ಲಿ ಕೊಟ್ಟಾಗ ಗುಮಾಸ್ತರು ಎರಡು ಸಲ ಓದಿದರು. ‘ಇದೆಲ್ಲಾ ಯಾಕಮ್ಮ ನಿಮಗೆ? ಇಂಟರ್ನಲ್ಸ್ ಹತ್ರ ಬಂತಲ್ಲ’ ಎಂದರು. ಆಮೇಲೆ ಏನನ್ನಿಸಿತೋ, ಸೀಲು ಹೊಡೆದು ಸ್ವೀಕೃತಿ ಕೊಟ್ಟು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಬರುವ ಶುಕ್ರವಾರಕ್ಕೆ ಹದಿನೈದು ದಿನ ಆಗುತ್ತದೆ.