ದೋಟಿ ಹಿಡಿದವರ ಕುತ್ತಿಗೆ

ಹೋದ ವರ್ಷ ಜೂನ್ ಮೊದಲ ವಾರ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದರೆ ತಲೆ ಮೇಲೇಳಲಿಲ್ಲ. ಎಡಗಿವಿಯ ಹಿಂದಿನಿಂದ ಭುಜದವರೆಗೆ ಹಗ್ಗ ಬಿಗಿದು ಎಳೆದ ಹಾಗೆ ನೋವು. ಬಲಗೈಯಲ್ಲಿ ತಲೆಯನ್ನು ಆನಿಸಿ ಹಿಡಿದುಕೊಂಡೇ ಎದ್ದು ಕೂತೆ. ಹಿಂದಿನ ದಿನ ನಾನು ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಸುಳ್ಯ ತಾಲೂಕಿನ ಪಂಜದ ಹತ್ತಿರ ಇರುವ ನಮ್ಮ ತೋಟದಲ್ಲಿ ಅಡಿಕೆಗೆ ಮದ್ದು ಬಿಟ್ಟು, ಮಿಂದು, ಉಂಡು ಮಲಗಿದ್ದೆ.

ತಲೆದಿಂಬು ಸರಿಯಿರಲಿಲ್ಲ ಎಂದರು ಮನೆಯಲ್ಲಿ. ವಾಯು ಎಂದರು ನೆರೆಯವರು. ಪುತ್ತೂರಿನಲ್ಲಿ ಫಿಸಿಯೋಥೆರಪಿ ಮಾಡುವ ಅಕ್ಕನ ಮಗಳು ಮಾತ್ರ ಬೇರೆ ಪ್ರಶ್ನೆ ಕೇಳಿದಳು: "ಮಾವ, ನಿನ್ನೆಯದ್ದು ಬಿಡಿ. ಕಳೆದ ಹತ್ತು ದಿವಸ ನೀವು ಎತ್ತ ನೋಡಿಕೊಂಡು ಕೆಲಸ ಮಾಡಿದ್ದು?"

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುತ್ತ ಹತ್ತು ದಿವಸವೂ ನಾನು ಮೇಲೆಯೇ ನೋಡಿದ್ದೆ.

ಕೊಳೆರೋಗಕ್ಕೆ ಕಾರಣವೇನೆಂದು ಗುರುತಿಸಿ, ಬೋರ್ಡೋ ದ್ರಾವಣ ಸಿಂಪಡಿಸಲು ಅಡಿಕೆ ಬೆಳೆಗಾರರಿಗೆ ಹೇಳಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಅವರ ವರದಿ ಬಂದದ್ದು 1910ರಲ್ಲಿ. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಇದು ಇವತ್ತಿಗೂ ನಡೆದಿದೆ. ಬದಲಾದದ್ದು ಮದ್ದು ಬಿಡುವವನ ಜಾಗ. ನನ್ನ ಅಪ್ಪನ ಕಾಲದಲ್ಲಿ ಅವನು ಮರದ ಮೇಲಿರುತ್ತಿದ್ದ, ಗೊನೆ ಅವನ ಕಣ್ಣಿನ ಮಟ್ಟದಲ್ಲಿರುತ್ತಿತ್ತು. ಮರ ಹತ್ತುವವರು ಕಡಿಮೆಯಾದರು, ಬಿದ್ದು ಸೊಂಟ ಮುರಿದುಕೊಂಡವರ ಕಥೆ ಊರೂರಲ್ಲೂ ಇತ್ತು. ಹಾಗಾಗಿ ನೆಲದಿಂದಲೇ ಗೊನೆಗೆ ತಲುಪುವ ಕಾರ್ಬನ್ ಫೈಬರ್ ದೋಟಿ ಬಂತು. ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಈಗ ಮದ್ದು ಬಿಡುವುದೂ ಕೊಯ್ಯುವುದೂ ಬಹಳಷ್ಟು ನೆಲದಲ್ಲಿ ನಿಂತೇ. ದೋಟಿಯಿಂದ ಉಳಿದ ಜೀವಗಳ ಬಗ್ಗೆ ನನಗೆ ನಿಜವಾದ ಕೃತಜ್ಞತೆ ಇದೆ. ಆದರೆ ಮೊದಲು ಕೈಕಾಲು ಹೊರುತ್ತಿದ್ದ ದುಡಿಮೆಯಲ್ಲಿ ಒಂದು ಪಾಲು ಕುತ್ತಿಗೆಗೆ ಬಂದಿದೆ, ಅದನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ತಲೆಯ ತೂಕ ನಾಲ್ಕೂವರೆಯಿಂದ ಐದು ಕೆ.ಜಿ. ಅದನ್ನು ಹೊರುವುದು ಏಳು ಸಣ್ಣ ಮೂಳೆಗಳು. ಪ್ರತಿ ಮೂಳೆಯ ಹಿಂದೆ ಎಡಬಲಕ್ಕೆ ಪುಟ್ಟ ಕೀಲುಗಳಿವೆ. ಮೇಲೆ ನೋಡಿದಾಗ ಅವು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಭುಜದಿಂದ ಕುತ್ತಿಗೆಗೆ ಏರುವ ಸ್ನಾಯುಗಳು ದೋಟಿ ಎತ್ತಿ ಹಿಡಿದ ಕೈಗಳಿಗೂ ದುಡಿಯಬೇಕು, ತಲೆಗೂ ದುಡಿಯಬೇಕು. ದಿನಗಟ್ಟಲೆ ಹೀಗಾದರೆ ಕೀಲು ಕೆರಳುತ್ತದೆ. ಆಮೇಲೆ ರಾತ್ರಿ ಮಗ್ಗುಲು ಬದಲಿಸಿದ್ದೋ, ಬೈಕಿನಲ್ಲಿ ಹಿಂದೆ ತಿರುಗಿ ನೋಡಿದ್ದೋ ನೆಪವಾಗಿ ಸ್ನಾಯು ಸೆಟೆದು, ಆ ಕೀಲು ಅಲುಗದಂತೆ ಕಾವಲು ಕೂರುತ್ತದೆ. ನೋವು ತಟ್ಟನೆ ಕಾಣಿಸಿತೆಂದು ಕಾರಣವೂ ತಟ್ಟನೆ ಬಂದದ್ದಲ್ಲ.

ಇನ್ನೊಂದು ಕಾರಣವನ್ನು ಅಕ್ಕನ ಮಗಳು ನಮ್ಮ ತೋಟಕ್ಕೇ ಬಂದು ಕಂಡುಹಿಡಿದಳು. ಮದ್ದು ಬಿಡುವಾಗ ದ್ರಾವಣ ಮುಖಕ್ಕೆ ತೊಟ್ಟಿಕ್ಕುತ್ತದೆ. ಕಣ್ಣು ಉರಿಯಬಾರದೆಂದು ನಾವೆಲ್ಲ ಮುಖ ಒಂದು ಬದಿಗೆ ತಿರುಗಿಸಿ, ಓರೆಯಾಗಿ ಮೇಲೆ ನೋಡುತ್ತೇವೆ. ಹಿಂದಕ್ಕೆ ಬಾಗಿದ ಕುತ್ತಿಗೆಯನ್ನು ಜೊತೆಗೇ ತಿರುಚಿದರೆ ಒತ್ತಡವೆಲ್ಲ ಒಂದೇ ಬದಿಯ ಕೀಲಿಗೆ. ನಾನು ತಿರುಗಿಸುವುದು ಎಡಕ್ಕೆ, ಹಿಡಿದದ್ದೂ ಎಡಕ್ಕೆ! ಮುಖಕ್ಕೆ ಪಾರದರ್ಶಕ ಕವಚ, ತಲೆಗೆ ಅಂಚಿನ ಟೊಪ್ಪಿ ಹಾಕಿಕೊಂಡ ಮೇಲೆ ಆ ಅಭ್ಯಾಸ ತಾನಾಗಿ ಬಿಟ್ಟಿತು.

ನಿಲ್ಲುವ ದೂರವನ್ನು ಪಿಯುಸಿ ಓದುವ ಮಗಳು ಲೆಕ್ಕ ಹಾಕಿ ತೋರಿಸಿದಳು. ಗೊನೆ ನಮ್ಮ ಕಣ್ಣಿಗಿಂತ 45 ಅಡಿ ಮೇಲಿದ್ದರೆ, ಬುಡದಿಂದ ಐದಡಿ ದೂರ ನಿಂತವನು 84 ಡಿಗ್ರಿ ಮೇಲೆ ನೋಡಬೇಕು. ಬುಡದಿಂದ ಇಪ್ಪತ್ತಡಿ ದೂರಕ್ಕೆ ಸರಿದರೆ 66 ಸಾಕು. ಆರೋಗ್ಯವಂತ ಕುತ್ತಿಗೆ ಹಿಂದಕ್ಕೆ ಬಾಗುವುದು ಸುಮಾರು 60–70 ಡಿಗ್ರಿ. ಕೊಯ್ಲಿನಲ್ಲಿ ಅಷ್ಟು ದೂರ ಹೋಗಲಾಗದು, ಮದ್ದು ಬಿಡುವಾಗ ಆದಷ್ಟು ಸರಿಯಬಹುದು. ಹಿಂದೆ ಸರಿಯುವ ಮೊದಲು ವಿದ್ಯುತ್ ತಂತಿ ಎಲ್ಲಿದೆ ನೋಡಿಕೊಳ್ಳಿ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ.

ಬಂಡೆ ಹತ್ತುವ ಕ್ರೀಡೆಯಲ್ಲೂ ಇದೇ ನೋವಿದೆ. ಕೆಳಗೆ ನಿಂತು ಹಗ್ಗ ಹಿಡಿಯುವವರು ಮೇಲಿರುವವರನ್ನೇ ನೋಡುತ್ತಿರಬೇಕು. ಅವರಿಗೆಂದು ಪಟ್ಟಕದ ಗಾಜಿನ ಕನ್ನಡಕ ಬಂದಿದೆ. ಮುಖ ನೇರ ಇಟ್ಟರೂ ಮೇಲಿನದ್ದು ಕಾಣುತ್ತದೆ. ಒಂದನ್ನು ತರಿಸಿದ್ದೇನೆ. ನಿಂತಲ್ಲೇ ನಿಂತಾಗ ಒಳ್ಳೆಯದು. ಹೆಜ್ಜೆ ಇಡುವಾಗ ಮಾತ್ರ ತೆಗೆಯಲೇಬೇಕು, ತೋಟದ ಕಣಿ ಕಾಣುವುದಿಲ್ಲ.

ನನ್ನ ನೋವು ಆರು ದಿನದಲ್ಲಿ ಇಳಿಯಿತು. ಇಂಥ ಹಿಡಿತ ಹೆಚ್ಚಿನವರಿಗೆ ವಾರ, ಹತ್ತು ದಿನದಲ್ಲಿ ಬಿಡುತ್ತದೆ. ಬಿಸಿನೀರಿನ ಶಾಖ, ವೈದ್ಯರನ್ನು ಕೇಳಿ ಎರಡು ದಿನ ನೋವಿನ ಮಾತ್ರೆ, ನೋವು ತಾಳುವಷ್ಟು ದೂರ ಗಂಟೆಗೊಮ್ಮೆ ತಲೆ ಆಚೀಚೆ ತಿರುಗಿಸುವುದು. ಅಲುಗಾಡದೆ ಮಲಗಿದರೆ ಬಿಗಿತ ಹೆಚ್ಚುತ್ತದೆ. ನಾನು ಅಂಗಲಾಚಿ ಹೇಳುವುದು ಒಂದೇ: ಯಾರಿಂದಲೂ ಕುತ್ತಿಗೆ ಲಟಕ್ಕೆನಿಸಿಕೊಳ್ಳಬೇಡಿ. ಕ್ಷೌರದಂಗಡಿಯಲ್ಲಿ ನಾನೂ ವರ್ಷಗಟ್ಟಲೆ ಅದನ್ನು ಮಾಡಿಸಿಕೊಂಡವನು. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಮೂಳೆಗಳ ತೂತಿನೊಳಗಿಂದಲೇ ಏರುತ್ತವೆ. ಝಟ್ಟನೆ ತಿರುಗಿಸಿದಾಗ, ಅಪರೂಪಕ್ಕೆ, ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು.

ಕೈ ಜೋಮು ಹಿಡಿದು ಬಲ ಕಡಿಮೆಯಾದರೆ, ಕಾಲು ಎಡವತೊಡಗಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ತಲೆನೋವಿನ ಜೊತೆ ಕುತ್ತಿಗೆ ಸೆಟೆದರೆ, ಹಿಂದೆಂದೂ ಕಾಣದಂಥ ತಲೆನೋವು ಬಂದರೆ, ಮಾತು ತೊದಲಿದರೆ, ಎದೆನೋವು ಕುತ್ತಿಗೆಗೆ ಏರಿದರೆ ಕಷಾಯ ಕಾಸುತ್ತ ಕೂರಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು. ಮರದಿಂದ ಬಿದ್ದವರ ತಲೆಯನ್ನಂತೂ ಅಲುಗಿಸಲೇಬಾರದು.

ಈ ವರ್ಷ ನಮ್ಮ ತೋಟದಲ್ಲಿ ದೋಟಿ ಹಿಡಿಯುವುದು ಇಪ್ಪತ್ತು ನಿಮಿಷದ ಪಾಳಿ. ಆಮೇಲೆ ನಾನೂ ಕೆಲಸದ ಜೊತೆಗಾರನೂ ಬದಲು: ಒಬ್ಬ ದೋಟಿಗೆ, ಇನ್ನೊಬ್ಬ ಪೈಪು ಎಳೆಯಲು, ಮದ್ದು ಕಲಸಲು. ಬೆಳಿಗ್ಗೆ ಅಂಗಳದಲ್ಲಿ ಐದು ನಿಮಿಷ ಭುಜ ತಿರುಗಿಸಿ, ಗಲ್ಲವನ್ನು ಹಿಂದಕ್ಕೆ ಒತ್ತಿ ಹಿಡಿದು ಬಿಡುತ್ತೇವೆ. ಕೆಲಸ ಹತ್ತಾರು ಮರದಷ್ಟು ಕಡಿಮೆ ಸಾಗುತ್ತದೆ. ಸಾಗಲಿ. ಜೊತೆಗಾರನಿಗೆ ಮೊದಲ ದಿನ ಇದೆಲ್ಲ ಬೇಡವೆನಿಸಿತ್ತು. ಎರಡನೇ ಸಲದ ಮದ್ದಿಗೆ ಮಳೆ ಹೊಳವಾದ ಸಂಜೆ ಅವನದೇ ಫೋನ್ ಬಂತು: "ಅಣ್ಣ, ನಾಳೆ ಬರ್ತೇನೆ. ಮೊದಲ ಪಾಳಿ ನಿಮ್ಮದು. ಕಡಬದ ಕಡೆಯ ತೋಟದಲ್ಲಿ ಮೂರು ದಿವಸ ಪಾಳಿಯೇ ಇರಲಿಲ್ಲ."