ಕೊಲ್ಲಿಗೆ ಹೋದವರೂ ಊರಲ್ಲಿ ಉಳಿದ ಕಾಗದಗಳೂ

ಕೆಲವು ವರ್ಷಗಳ ಹಿಂದಿನ ಒಂದು ಜೂನ್ ರಾತ್ರಿ, ಮಂಗಳೂರು ಕಂಕನಾಡಿಯ ನಮ್ಮ ಓಣಿಯಲ್ಲಿ ಮಳೆ ಹಂಚಿನ ಮೇಲೆ ಒಂದೇ ಸಮನೆ ಹೊಯ್ಯುತ್ತಿದ್ದಾಗ, ನೆರೆಮನೆಯ ಗೃಹಿಣಿಯೊಬ್ಬರು ತಮ್ಮ ಕಬ್ಬಿಣದ ಕಪಾಟಿನಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದುಕೊಂಡು ಅದರ ನಡುವೆ ಕುಳಿತಿದ್ದರು. ಇಪ್ಪತ್ತು ವರ್ಷ ಸೌದಿಯಲ್ಲಿ ವಾಹನ ಚಾಲಕರಾಗಿ ದುಡಿದಿದ್ದ ಅವರ ಪತಿ, ದಮ್ಮಾಮಿನ ಕೊಠಡಿಯಲ್ಲಿ ಮಲಗಿದ್ದಲ್ಲಿಯೇ ತೀರಿಕೊಂಡರೆಂಬ ವಾರ್ತೆಯನ್ನು ಆ ಸಂಜೆ ಜೊತೆಗಾರರೊಬ್ಬರು ಫೋನಿನಲ್ಲಿ ತಿಳಿಸಿ, ಮರುಮಾತಿನಲ್ಲಿಯೇ ಪಾಸ್‌ಪೋರ್ಟಿನ ನಂಬರು ಕೇಳಿದ್ದರು. "ಪಾಸ್‌ಪೋರ್ಟು ಅವರ ಕಫೀಲನ ಹತ್ತಿರ ಉಂಟಂತೆ ಮಾಷ್ಟ್ರೇ, ಇಲ್ಲಿ ಎಂತದ್ದೂ ಇಲ್ಲ" ಎಂದು, ಪತಿಯನ್ನು ಅಲ್ಲಿ ಕೆಲಸಕ್ಕೆ ಕರೆಸಿಕೊಂಡಿದ್ದ ಧಣಿಯ ಕುರಿತು ಅವರು ಹೇಳಿದ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ನಡುರಾತ್ರಿ ಕಳೆದ ಮೇಲೆ, ಕಿರಿಯ ಮಗನನ್ನು ಶಾಲೆಗೆ ಸೇರಿಸಿದಾಗಿನ ಕಡತದಲ್ಲಿ ಮಾಸಿದ ಜೆರಾಕ್ಸ್ ಹಾಳೆಯೊಂದು ದೊರೆಯಿತು. ಆದರೆ ಹಾಳೆಯ ಮಡಿಕೆ ನಂಬರಿನ ಒಂದು ಅಂಕೆಯನ್ನು ತಿಂದುಹಾಕಿತ್ತು. ಅದು ಮೂರೋ ಎಂಟೋ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಎರಡು ದಿನ ಕಳೆದುಹೋದವು. ಪರದೇಶದಲ್ಲಿ ನಮ್ಮವರಿಗೆ ದೊರೆಯಬೇಕಾದ ಸರಕಾರದ ಆಶ್ರಯವು ಊರಿನ ಮನೆಯ ಕಪಾಟಿನಿಂದಲೇ ಆರಂಭವಾಗುತ್ತದೆಂಬುದನ್ನು ನಾನು ಕಲಿತದ್ದು ಆ ರಾತ್ರಿ.

ಆ ಆಶ್ರಯ ಕೊಡುವ ಕಚೇರಿಗಳನ್ನೆಲ್ಲ ನಮ್ಮ ಜಿಲ್ಲೆಯ ಜನ 'ಎಂಬೆಸಿ' ಎಂದೇ ಕರೆಯುವುದು ರೂಢಿಯಾದರೂ ಇವು ಎರಡು ಬಗೆಯ ಕಚೇರಿಗಳು. ರಾಜಧಾನಿಯಲ್ಲಿದ್ದು ಸರಕಾರ ಸರಕಾರಗಳ ನಡುವಣ ವ್ಯವಹಾರವನ್ನು ಪ್ರಧಾನವಾಗಿ ನೋಡಿಕೊಳ್ಳುವುದು ರಾಯಭಾರ ಕಚೇರಿ. ಬೇರೆ ದೊಡ್ಡ ಪಟ್ಟಣಗಳಲ್ಲಿದ್ದು ಪ್ರಜೆಗಳ ಪಾಸ್‌ಪೋರ್ಟು, ಜನನ, ಮರಣ, ಸೆರೆಮನೆ, ಸಂಬಳದ ತಕರಾರು ಇವುಗಳನ್ನು ವಿಚಾರಿಸುವುದು ಕಾನ್ಸುಲೇಟ್. ರಾಯಭಾರ ಕಚೇರಿಯಲ್ಲಿಯೂ ಈ ಕೆಲಸಕ್ಕೆ ಪ್ರತ್ಯೇಕ ವಿಭಾಗವಿರುತ್ತದೆ. ದುಬೈ, ಶಾರ್ಜಾಗಳವರು ದುಬೈಯ ಕಾನ್ಸುಲೇಟನ್ನೂ ಅಬುಧಾಬಿಯವರು ಅಲ್ಲಿನ ರಾಯಭಾರ ಕಚೇರಿಯನ್ನೂ ಕಾಣಬೇಕು; ಸೌದಿಯಲ್ಲಿ ಜೆದ್ದಾದ ಕಡೆಯವರಿಗೆ ಜೆದ್ದಾ, ದಮ್ಮಾಮಿನವರಿಗೆ ರಿಯಾದ್. ತಮ್ಮವರು ಯಾವ ಕಚೇರಿಯ ವ್ಯಾಪ್ತಿಗೆ ಸೇರಿದವರೆಂಬುದನ್ನು ಊರಿನವರು ತಿಳಿದಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಇಂಥ ಆಶ್ರಯದ ಅವಶ್ಯಕತೆ ನಮ್ಮ ಬಂದರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿ ನೆಲಸಿದ್ದನು. ಅವನ ಕಾಗದಪತ್ರಗಳು ಈಜಿಪ್ಟಿನ ಹಳೆಯ ಯಹೂದಿ ಪ್ರಾರ್ಥನಾಮಂದಿರವೊಂದರ ಉಗ್ರಾಣದಲ್ಲಿ ಉಳಿದುಬಂದಿವೆ. ಲೇಖಕ ಅಮಿತಾವ್ ಘೋಷ್ ಅವರು ತುಳುನಾಡಿನ 'ಬೊಮ್ಮ' ಎಂದು ಓದಿದ ಹೆಸರಿನ ಅವನ ಆಳು, ಯಜಮಾನನ ಸರಕಿನೊಡನೆ ಕಡಲು ದಾಟಿ ಏಡನ್ನಿಗೆ ಹೋಗಿಬರುತ್ತಿದ್ದನು. ಏಡನ್ನಿನಲ್ಲಿ ಮದ್ಮೂನ್ ಎಂಬಾತನು ಪರದೇಶದ ವರ್ತಕರ ಪ್ರತಿನಿಧಿಯಾಗಿದ್ದನು. ಅವರ ಸರಕನ್ನು ಕಾಪಾಡುವುದೂ ವ್ಯಾಜ್ಯಗಳಲ್ಲಿ ಅವರ ಪರವಾಗಿ ನಿಲ್ಲುವುದೂ ಅಂಥ ಪ್ರತಿನಿಧಿಯ ಹೊಣೆಯಾಗಿತ್ತು. ಮಂಗಳೂರಿನಿಂದ ಹೋದ ಒಬ್ಬ ಸಾಮಾನ್ಯನಿಗೂ ಅಪರಿಚಿತ ತೀರದಲ್ಲಿ ಹೆಸರು ಹಿಡಿದು ವಿಚಾರಿಸುವವನೊಬ್ಬನಿದ್ದನೆಂಬ ಸಂಗತಿ ನನಗೆ ಬಹಳ ಹಿತವಾಗಿ ತೋರುತ್ತದೆ.

ಈಗ ಆ ಹೊಣೆಗೆ ಆಧಾರವಾಗಿರುವುದು 1963ರ ವಿಯೆನ್ನಾ ಒಪ್ಪಂದ. ಅದರ 36ನೆಯ ಅನುಚ್ಛೇದದಂತೆ, ಅನ್ಯದೇಶದ ಪ್ರಜೆಯನ್ನು ಬಂಧಿಸಿದ ಅಧಿಕಾರಿಗಳು, ಆತನು ಬಯಸಿದ ಪಕ್ಷದಲ್ಲಿ, ಅವನ ದೇಶದ ಕಾನ್ಸುಲೇಟಿಗೆ ವಿಳಂಬವಿಲ್ಲದೆ ತಿಳಿಸಬೇಕು. ಈ ಹಕ್ಕು ಇದೆಯೆಂಬುದನ್ನು ಅವನಿಗೆ ಹೇಳಲೂ ಬೇಕು. ಆತನು ಬಯಸಿದ ಪಕ್ಷದಲ್ಲಿ ಎಂಬ ಮಾತನ್ನು ಹೊರಡುವ ಪ್ರತಿಯೊಬ್ಬನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೇಳದೆ ಸುಮ್ಮನಿದ್ದವನ ಸುದ್ದಿ ಎಷ್ಟೋ ದಿನ ಯಾರಿಗೂ ತಿಳಿಯದೆ ಹೋಗಬಹುದು. ಕಾನ್ಸುಲ್ ಅಧಿಕಾರಿಯು ಸೆರೆಮನೆಗೆ ಬಂದು ಕಾಣಬಲ್ಲನು, ವಕೀಲರ ಏರ್ಪಾಡಿಗೆ ನೆರವಾಗಬಲ್ಲನು, ಮನೆಯವರಿಗೆ ತಿಳಿಸಬಲ್ಲನು. ಆದರೆ ಅಲ್ಲಿನ ನ್ಯಾಯಾಲಯದ ತೀರ್ಪನ್ನು ಬದಲಾಯಿಸುವ, ಸಾಲ ತೀರಿಸುವ, ಬೇರೆ ಕೆಲಸ ಕೊಡಿಸುವ ಅಧಿಕಾರ ಅವನಿಗಿಲ್ಲ. ಇದನ್ನರಿಯದೆ ಎಂಬೆಸಿಯನ್ನು ಶಪಿಸುವವರನ್ನು ನಾನು ಕಂಡಿದ್ದೇನೆ. ಅವರ ಸಂಕಟ ನಿಜವಾದುದು, ನಿರೀಕ್ಷೆ ಮಾತ್ರ ತಪ್ಪಾದುದು.

ಹೊರಡುವುದಕ್ಕೆ ಮೊದಲು ಆಗಬೇಕಾದ ಕೆಲಸವೇ ಅತಿ ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ 'ಇಸಿಆರ್' (ವಲಸೆ ತಪಾಸಣೆ ಅಗತ್ಯ) ವರ್ಗಕ್ಕೆ ಸೇರುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಮಲೇಷಿಯಾವೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ, 1983ರ ವಲಸೆ ಕಾಯಿದೆಯಂತೆ, ವಲಸೆ ಸಂರಕ್ಷಣಾಧಿಕಾರಿಯ ಅನುಮತಿಯನ್ನು 'ಇ-ಮೈಗ್ರೇಟ್' ವ್ಯವಸ್ಥೆಯ ಮೂಲಕ ಪಡೆಯಬೇಕು. ಆಸ್ಪತ್ರೆಗಳೂ ನರ್ಸಿಂಗ್ ಕಾಲೇಜುಗಳೂ ತುಂಬಿರುವ ನಮ್ಮ ನಗರದಲ್ಲಿ ಹೇಳಲೇಬೇಕಾದ ಮಾತೆಂದರೆ, 2015ರಲ್ಲಿ ಬಂದ ನಿಯಮದಂತೆ ಈ ದೇಶಗಳಿಗೆ ಹೋಗುವ ನರ್ಸುಗಳು ಎಷ್ಟೇ ಓದಿದ್ದರೂ ಅವರಿಗೂ ಈ ಅನುಮತಿ ಬೇಕು. ನೋಂದಾಯಿತ ಏಜೆಂಟನು ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ ತೆರಿಗೆಯ ಹೊರತು 30,000 ರೂಪಾಯಿ. ಲಕ್ಷಗಟ್ಟಲೆ ಕೇಳಿ, ವಿಸಿಟ್ ವೀಸಾದಲ್ಲಿ ಕಳುಹಿಸಿ, "ಅಲ್ಲಿ ಹೋದ ಮೇಲೆ ಬದಲಾಯಿಸಿಕೊಳ್ಳಬಹುದು" ಎನ್ನುವವನ ಮಾತಿಗೆ ತಾಯಿಯ ಬಳೆ ಮಾರಿ ಹೊರಟವನ ಹೆಸರು ಸರಕಾರದ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಕ್ರಮವಾಗಿ ಹೋದವನಿಗಾದರೋ, ಎರಡು ವರ್ಷಕ್ಕೆ 275 ರೂಪಾಯಿಯ ಕಂತಿನಲ್ಲಿ, ಅಪಘಾತದ ಮರಣಕ್ಕೂ ಶಾಶ್ವತ ಅಂಗವೈಕಲ್ಯಕ್ಕೂ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ವಿಮೆಯ ಪತ್ರ ಇರುವುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಪಾಸ್‌ಪೋರ್ಟು ಯಾರದು? 1967ರ ಕಾಯಿದೆಯ ಪ್ರಕಾರ ಅದು ಎಂದೆಂದಿಗೂ ಕೇಂದ್ರ ಸರಕಾರದ ಸ್ವತ್ತು. ಅದನ್ನು ಕಫೀಲನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಳ್ಳುವ ಪದ್ಧತಿ ಕೊಲ್ಲಿಯ ಕಾನೂನುಗಳಲ್ಲಿಯೂ ನಿಷಿದ್ಧವಾಗಿದ್ದರೂ ಪೂರ್ಣ ನಿಂತಿಲ್ಲ. ಪಾಸ್‌ಪೋರ್ಟು ಕಳೆದುಹೋದರೆ ಮೊದಲು ಪೊಲೀಸರಿಗೆ ದೂರು, ಅನಂತರ ಕಾನ್ಸುಲೇಟು. ತುರ್ತಾಗಿ ಊರಿಗೆ ಮರಳಬೇಕಾದವರಿಗೆ ಅಲ್ಲಿ ಕೊಡುವ, ನಮ್ಮವರು 'ಔಟ್‌ಪಾಸ್' ಎನ್ನುವ ಪತ್ರವು ಭಾರತಕ್ಕೆ ಒಂದೇ ಪ್ರಯಾಣಕ್ಕೆ ಸಲ್ಲುತ್ತದೆ. ದಿಕ್ಕಿಲ್ಲದೆ ಸಿಕ್ಕಿಬಿದ್ದವರ ಊಟ, ವಸತಿ, ಟಿಕೇಟು, ತುರ್ತು ಚಿಕಿತ್ಸೆ, ಕಾನೂನು ನೆರವು ಇವುಗಳಿಗಾಗಿ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಅದು ನಿಜವಾಗಿ ನಿರುಪಾಯರಾದವರಿಗೆ, ವಿಚಾರಿಸಿ ಕೊಡುವ ಹಣ. ಅಹವಾಲುಗಳನ್ನು ಊರಿನಲ್ಲಿ ಕುಳಿತ ಹೆಂಡತಿಯೋ ತಂದೆಯೋ ಸಹ 2015ರಲ್ಲಿ ಆರಂಭವಾದ 'ಮದದ್' ವ್ಯವಸ್ಥೆಯಲ್ಲಿ ದಾಖಲಿಸಬಹುದು. ಆದರೆ ಅಲ್ಲಿಯೂ ಮೊದಲ ಪ್ರಶ್ನೆ ಅದೇ: ಪಾಸ್‌ಪೋರ್ಟಿನ ನಂಬರು.

ಅಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು. ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. ಊರಿನ ಜಾಗದ ವ್ಯವಹಾರಕ್ಕೆಂದು ತಮ್ಮನಿಗೋ ಭಾವನಿಗೋ ಅಲ್ಲಿಂದ ಪವರ್ ಆಫ್ ಅಟಾರ್ನಿ ಪತ್ರ ಕಳುಹಿಸುವವರು, ಅದನ್ನು ಕಾನ್ಸುಲ್ ಅಧಿಕಾರಿಯ ಮುಂದೆಯೇ ಸಹಿ ಮಾಡಿ ದೃಢೀಕರಿಸಿಕೊಳ್ಳುವುದು ಕ್ಷೇಮ. ಇಲ್ಲಿ ಪತ್ರ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತೆತ್ತು ಮುಗಿಸಬೇಕು. ಪತ್ರವನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ವರ್ಷ ಕಳೆದು ತಂದವರು ನೋಂದಣಿ ಕಚೇರಿಯಲ್ಲಿ ಪಡುವ ಪಾಡು ಹೇಳತೀರದು.

ಸಾವಿನ ಕ್ರಮವನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು. ಅಲ್ಲಿನ ಆಸ್ಪತ್ರೆ ಮತ್ತು ಪೊಲೀಸರ ವರದಿ, ಅಲ್ಲಿನ ಸರಕಾರದ ಮರಣಪತ್ರ, ಊರಿನ ವಾರಸುದಾರರ ಒಪ್ಪಿಗೆ ಪತ್ರ ಇವು ಸೇರಿದ ಮೇಲೆ ರಾಯಭಾರ ಕಚೇರಿಯು ಮರಣವನ್ನು ದಾಖಲಿಸಿ, ಪಾಸ್‌ಪೋರ್ಟನ್ನು ರದ್ದುಪಡಿಸಿ, ದೇಹವನ್ನು ಕಳುಹಿಸಲು ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಮಣ್ಣು ಅಲ್ಲಿಯೇ ಆಗಲಿ ಎಂದು ಮನೆಯವರು ಬಯಸಿದರೂ ಆ ಒಪ್ಪಿಗೆ ಬರೆಹದಲ್ಲಿಯೇ ಬೇಕು. ಸಾಗಣೆಯ ವೆಚ್ಚವನ್ನು ಕೆಲಸ ಕೊಟ್ಟವನು ಭರಿಸಬೇಕೆಂದು ರಾಯಭಾರ ಕಚೇರಿ ಕೇಳುತ್ತದೆ. ಅವನೂ ಕೊಡದೆ ಮನೆಯವರಿಗೂ ಶಕ್ತಿಯಿಲ್ಲದಿದ್ದಾಗ ಮೇಲೆ ಹೇಳಿದ ನಿಧಿಯಿದೆ. ಬಾಕಿ ಸಂಬಳ, ಸೇವಾಂತ್ಯದ ಹಣ, ಪರಿಹಾರ ಇವು ಅನಂತರದ ಮಾತು. ಅವಕ್ಕೆ ತಹಶೀಲ್ದಾರರ ವಂಶವೃಕ್ಷ, ವಾರಸುಪತ್ರಗಳು ಬೇಕು, ತಾಳ್ಮೆಯೂ ಬೇಕು.

ನಮ್ಮ ನೆರೆಯವರ ದೇಹ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಬಂದಿಳಿದದ್ದು ಇಪ್ಪತ್ತನಾಲ್ಕನೆಯ ದಿನ. ಬಾಕಿ ಹಣ ಬರಲು ಒಂದೂವರೆ ವರ್ಷ ಹಿಡಿಯಿತು.

ಕಳೆದ ಚೌತಿಯ ಮರುವಾರ ಅವರ ಹಿರಿಯ ಮಗ ದೋಹಾಕ್ಕೆ ಹೊರಟನು. ಹೊರಡುವ ಮುನ್ನಾದಿನ ಆಕೆ ನನ್ನನ್ನು ಕರೆಸಿ, ಅದೇ ಕಬ್ಬಿಣದ ಕಪಾಟಿನ ಬಾಗಿಲನ್ನು ತೆರೆದು ತೋರಿಸಿದರು. ಬಾಗಿಲಿನ ಒಳಮೈಗೆ ಒಂದು ಬಿಳಿಯ ಹಾಳೆ ಅಂಟಿಸಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಮಗನ ಕಂಪೆನಿಯ ಹೆಸರು, ಕೊಠಡಿಯ ಜೊತೆಗಾರನ ಫೋನು, ದೋಹಾದ ಭಾರತೀಯ ರಾಯಭಾರ ಕಚೇರಿಯ ಫೋನು, ವಿಮೆಯ ಪತ್ರದ ಸಂಖ್ಯೆ, ಎಲ್ಲಕ್ಕಿಂತ ಮೇಲೆ ಪಾಸ್‌ಪೋರ್ಟಿನ ನಂಬರು. "ಒಮ್ಮೆ ಓದಿ ಹೇಳಿ ಮಾಷ್ಟ್ರೇ, ನಾನು ತಾಳೆ ನೋಡುತ್ತೇನೆ" ಎಂದು ಮಗನ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ನಿಂತರು. ನಾನು ಒಂದು ಅಕ್ಷರವನ್ನೂ ಏಳು ಅಂಕೆಗಳನ್ನೂ ಒಂದೊಂದಾಗಿ ಓದಿದೆನು. ಎಂಟು ಬಂದಲ್ಲಿ ಆಕೆ ನಿಲ್ಲಿಸಿ, ಮತ್ತೊಮ್ಮೆ ಓದಿಸಿದರು.