ಬೈಸನ್ ಎಂದರೆ ನಮ್ಮ ಕಾಟಿಯಲ್ಲ!

ಅಮೆರಿಕಕ್ಕೆ ಓದಲು ಹೋದ ಮಗ ಫೋನಿನಲ್ಲಿ, 'ಅಮ್ಮಾ, ಇವತ್ತು ಬೈಸನ್ ತಿಂದೆ' ಎಂದರೆ ಚಿಕ್ಕಮಗಳೂರು ಕಡೆಯ ತಾಯಿಯ ಎದೆ ಧಸಕ್ಕೆನ್ನುವುದು ಸಹಜ. ಕಾಫಿ ತೋಟಕ್ಕೆ ನುಗ್ಗುವ ಕಾಟಿಯನ್ನೇ ಇಂಗ್ಲಿಷಿನಲ್ಲಿ 'ಇಂಡಿಯನ್ ಬೈಸನ್' ಎನ್ನುವ ರೂಢಿಯಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಅದನ್ನು ಕೊಂದವರಿಗೆ ಜೈಲು ಶಿಕ್ಷೆಯುಂಟು.

ಹುಡುಗ ತಿಂದದ್ದು ಅದನ್ನಲ್ಲ. ನಮ್ಮ ಕಾಟಿಗೆ ನುಣುಪು ಮೈ, ಬಿಳಿ ಕಾಲುಚೀಲ. ಅಮೆರಿಕದ ಬೈಸನ್‌ಗೆ ತಲೆ-ಭುಜಗಳ ತುಂಬ ಉಣ್ಣೆ, ಗದ್ದದಲ್ಲಿ ಉದ್ದನೆಯ ಗಡ್ಡ. ಎರಡೂ ಬೇರೆ ಬೇರೆ ಪ್ರಾಣಿಗಳು.

ಕಾಡುಪ್ರಾಣಿಯ ಘಾಟು ಇರುತ್ತದೆಂದು ಅಂಜುತ್ತಲೇ ಮೊದಲ ಸಲ ಬಾಯಿಗಿಟ್ಟವರಿಗೆ ಅಚ್ಚರಿ ಕಾದಿರುತ್ತದೆ. ಹೆಚ್ಚುಕಡಿಮೆ ದನದ ಮಾಂಸದ ರುಚಿಯೇ. ತುಸು ಸಿಹಿ, ಬಣ್ಣ ಇನ್ನಷ್ಟು ಕಡುಗೆಂಪು. ಕೊಬ್ಬು ಕಡಿಮೆಯಾದ್ದರಿಂದ ಬೇಗ ಬೇಯುತ್ತದೆ. ಮೈಮರೆತು ಬೆಂಕಿಯ ಮೇಲೆ ಬಿಟ್ಟರೆ ಅಗಿಯಲಾಗದಷ್ಟು ಗಟ್ಟಿ. ಹಾಗೆಂದು ಅರೆಬೆಂದದ್ದನ್ನು ತಿನ್ನುವಂತಿಲ್ಲ. ಕೊಚ್ಚಿದ ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಲೇಬೇಕು. ಬೆಲೆಯೂ ದನದ ಮಾಂಸಕ್ಕಿಂತ ಜಾಸ್ತಿ.

ಆದರೆ ಆ ತುತ್ತಿನ ಹಿಂದಿನ ಕಥೆ ರುಚಿಗಿಂತ ದೊಡ್ಡದು. ಒಂದು ಕಾಲಕ್ಕೆ ಅಲ್ಲಿನ ಹುಲ್ಲುಗಾವಲುಗಳಲ್ಲಿ ಕೋಟಿಗಟ್ಟಲೆ ಬೈಸನ್‌ಗಳಿದ್ದವು. ಮೂಲನಿವಾಸಿಗಳಿಗೆ ಅದೇ ಊಟ, ಅದೇ ಹೊದಿಕೆ, ಅದೇ ಡೇರೆ. ಒಣಗಿಸಿದ ಮಾಂಸವನ್ನು ಕುಟ್ಟಿ, ಕೊಬ್ಬು, ಕಾಡುಹಣ್ಣು ಬೆರೆಸಿ ತಿಂಗಳುಗಟ್ಟಲೆ ಕೆಡದ 'ಪೆಮ್ಮಿಕನ್' ಮಾಡಿಟ್ಟುಕೊಳ್ಳುತ್ತಿದ್ದರು. ರೈಲು ಬಂತು, ಬಂದೂಕು ಬಂತು. ಕಾರ್ಖಾನೆಗಳು ತೊಗಲು ಬೇಡಿದವು. ಬೈಸನ್ ಹೋದರೆ ಮೂಲನಿವಾಸಿಗಳು ತಾವಾಗಿ ಮಣಿಯುತ್ತಾರೆಂಬ ಲೆಕ್ಕಾಚಾರವೂ ಸೇನಾಧಿಕಾರಿಗಳಲ್ಲಿತ್ತು. 1880ರ ದಶಕ ಮುಗಿಯುವಷ್ಟರಲ್ಲಿ ಕಾಡಿನಲ್ಲಿ ಉಳಿದದ್ದು ಕೆಲವೇ ನೂರು.

1907ರಲ್ಲಿ ನಡೆದದ್ದು ವಿಚಿತ್ರ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿಗೆ ಹತ್ತಿಸಿ ಒಕ್ಲಹೋಮದ ವಿಚಿಟಾ ಬೆಟ್ಟಗಳಿಗೆ ಕಳುಹಿಸಿದರು. ಹುಲ್ಲುಗಾವಲಿನ ಪ್ರಾಣಿ ಮಹಾನಗರದಿಂದ ಊರಿಗೆ ಮರಳಿತು! ಅವನ್ನು ಕಾಣಲು ಕೊಮಾಂಚಿ ಜನ ಸೇರಿದ್ದರು. ಅವರಲ್ಲಿನ ಎಳೆಯರಿಗೆ ಬೈಸನ್ ಎಂದರೆ ಹಿರಿಯರ ಬಾಯಲ್ಲಿ ಕೇಳಿದ ಕಥೆ ಮಾತ್ರ.

ಇಂದು ಹೋಟೆಲಿಗೆ ಬರುವುದು ಖಾಸಗಿ ಸಾಕಣೆಯವು. ಅಮೆರಿಕದಲ್ಲಿ ಅಂಥವು ಒಂದೂವರೆ ಲಕ್ಷಕ್ಕೂ ಹೆಚ್ಚಿವೆ. ಗಿರಾಕಿ ಇರುವುದರಿಂದಲೇ ಸಾಕುವವರಿದ್ದಾರೆ ಎಂಬುದು ಕೊಂಚ ಇರುಸುಮುರುಸಿನ ಸತ್ಯ. ಸಾಕಣೆಯ ಹಲವು ಹಿಂಡುಗಳಲ್ಲಿ ದನದ ರಕ್ತವೂ ಬೆರೆತಿದೆಯೆನ್ನಿ. 2016ರಲ್ಲಿ ಬೈಸನ್‌ಗೆ ರಾಷ್ಟ್ರೀಯ ಸಸ್ತನಿಯ ಪಟ್ಟವೂ ದಕ್ಕಿತು.

ಕಾಡಿನದನ್ನು ನೋಡಬೇಕೆಂದರೆ ಯೆಲ್ಲೋಸ್ಟೋನ್ ಉದ್ಯಾನಕ್ಕೆ ಹೋಗಬೇಕು. ಅಲ್ಲಿ 25 ಗಜ ದೂರ ನಿಲ್ಲಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಫೋಟೊ ಆಸೆಗೆ ಹತ್ತಿರ ಹೋಗಿ ಕೊಂಬಿನ ತಿವಿತ ತಿಂದು ಬಂದವರಿದ್ದಾರೆ.